ಡೀಸೆಲ್ ತುಂಬಿಸಿದ್ದು ಒಂದು ರಾಜ್ಯದಲ್ಲಿ, ತೆರಿಗೆ ಸಲ್ಲುವುದು ಇನ್ನೊಂದಕ್ಕೆ: ಉತ್ತರ ಅಮೆರಿಕದ ಲಾರಿಗಳ ಇಂಧನ ತೆರಿಗೆ ಲೆಕ್ಕ

ಅಮೆರಿಕದಲ್ಲಿ ದೂರದ ಊರುಗಳಿಗೆ ಸರಕು ಸಾಗಿಸುವ ದೊಡ್ಡ ಲಾರಿಯ ಎರಡು ಟ್ಯಾಂಕುಗಳಲ್ಲಿ 200 ಗ್ಯಾಲನ್‌ಗೂ ಹೆಚ್ಚು, ಅಂದರೆ 750 ಲೀಟರಿಗೂ ಮೀರಿ ಡೀಸೆಲ್ ಹಿಡಿಯುವುದುಂಟು. ಗ್ಯಾಲನ್ನಿಗೆ ಆರೂವರೆ ಮೈಲಿ ಓಡುವ ಅಂಥ ಲಾರಿ ಒಮ್ಮೆ ಟ್ಯಾಂಕ್ ತುಂಬಿಸಿಕೊಂಡರೆ ಸುಮಾರು 1,300 ಮೈಲಿ, ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಬಂಕಿನ ಕಡೆ ತಿರುಗಿಯೂ ನೋಡದೆ ಕ್ರಮಿಸಬಲ್ಲದು. ಅಷ್ಟು ದೂರದಲ್ಲಿ ನಾಲ್ಕೈದು ರಾಜ್ಯಗಳು ಬಂದು ಹೋಗುತ್ತವೆ. ಅಲ್ಲಿನ ರಾಜ್ಯಗಳು ಹೆದ್ದಾರಿಗಳ ನಿರ್ಮಾಣಕ್ಕೂ ದುರಸ್ತಿಗೂ ಬೇಕಾದ ಹಣದ ಗಣನೀಯ ಪಾಲನ್ನು ಇಂಧನ ತೆರಿಗೆಯಿಂದ ಎತ್ತುತ್ತವೆ, ಮತ್ತು ಆ ತೆರಿಗೆ ಬಂಕಿನಲ್ಲಿಯೇ ದರದೊಳಗೆ ಸೇರಿ ವಸೂಲಾಗುತ್ತದೆ. ಹೀಗಾಗಿ ಭಾರದ ಲಾರಿಗಳು ಯಾವ ರಾಜ್ಯದ ರಸ್ತೆಯನ್ನು ಸವೆಸುತ್ತವೆಯೋ ಆ ರಾಜ್ಯಕ್ಕೆ ಒಂದು ಸೆಂಟ್ ಕೂಡ ಸೇರದೆ, ಎಲ್ಲೋ ಹಿಂದೆ ಟ್ಯಾಂಕ್ ತುಂಬಿಸಿದ ರಾಜ್ಯಕ್ಕೇ ಪೂರ್ತಿ ತೆರಿಗೆ ಸಲ್ಲುವ ಸ್ಥಿತಿ ಉಂಟಾಗುತ್ತದೆ. ಈ ಅಸಮತೋಲನವನ್ನು ಸರಿಪಡಿಸಲು ಅಮೆರಿಕ ಮತ್ತು ಕೆನಡಾಗಳಲ್ಲಿ ಇರುವ ವ್ಯವಸ್ಥೆಯ ಹೆಸರು ಇಂಟರ್‌ನ್ಯಾಷನಲ್ ಫ್ಯೂಯಲ್ ಟ್ಯಾಕ್ಸ್ ಅಗ್ರಿಮೆಂಟ್. ಲಾರಿ ವ್ಯವಹಾರದವರ ಬಾಯಲ್ಲಿ ಅದು ಇಫ್ಟಾ.

ಇಂಧನದ ಮೇಲೆ ತೆರಿಗೆ ಹಾಕುವ ಪದ್ಧತಿಯನ್ನು ಅಮೆರಿಕದಲ್ಲಿ ಮೊದಲು ತಂದದ್ದು ಆರೆಗಾನ್ ರಾಜ್ಯ. 1919ರಲ್ಲಿ ಗ್ಯಾಲನ್ನಿಗೆ ಒಂದು ಸೆಂಟಿನಂತೆ ಅದು ಆರಂಭವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ, ಆಗ ಇದ್ದ 48 ರಾಜ್ಯಗಳೂ ಅದೇ ದಾರಿ ಹಿಡಿದವು. ಲಾರಿ ಸಾಗಣೆ ಬೆಳೆದಂತೆ ರಾಜ್ಯಗಳು, ತಮ್ಮ ಗಡಿಯೊಳಗೆ ಮಾರಿದ ಇಂಧನಕ್ಕಷ್ಟೇ ಅಲ್ಲದೆ ಗಡಿಯೊಳಗೆ ಉರಿಸಿದ ಇಂಧನಕ್ಕೂ ತೆರಿಗೆ ಕೊಡಬೇಕೆಂದು ನಿಯಮ ಮಾಡಿದವು. ತತ್ತ್ವ ನ್ಯಾಯವಾಗಿದ್ದರೂ ಆಚರಣೆ ಲಾರಿ ಮಾಲೀಕರಿಗೆ ಪೀಡೆಯಾಯಿತು: ಹೋಗುವ ಪ್ರತಿ ರಾಜ್ಯದಲ್ಲೂ ಬೇರೆ ನೋಂದಣಿ, ಬೇರೆ ಫಾರಂ, ಬೇರೆ ಗಡುವು, ಬೇರೆ ಆಡಿಟ್. 1983ರಲ್ಲಿ ಅರಿಜೋನಾ, ಅಯೊವಾ ಮತ್ತು ವಾಷಿಂಗ್ಟನ್ ರಾಜ್ಯಗಳು ಒಟ್ಟುಗೂಡಿ, ಲಾರಿ ಮಾಲೀಕ ತನ್ನ ರಾಜ್ಯವೊಂದಕ್ಕೇ ಲೆಕ್ಕ ಒಪ್ಪಿಸಿದರೆ ಸಾಕು, ಹಂಚಿಕೆಯನ್ನು ರಾಜ್ಯಗಳು ತಮ್ಮತಮ್ಮಲ್ಲೇ ಮಾಡಿಕೊಳ್ಳಲಿ ಎಂಬ ಪ್ರಯೋಗಕ್ಕೆ ತೊಡಗಿದವು. ಉಳಿದ ರಾಜ್ಯಗಳು ತಮ್ಮ ಇಚ್ಛೆಯಿಂದಲೇ ಬಂದಿದ್ದರೆ ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ. 1991ರ ಸಾರಿಗೆ ಕಾನೂನಿನಲ್ಲಿ ಅಮೆರಿಕದ ಕಾಂಗ್ರೆಸ್ 1996ರ ಸೆಪ್ಟೆಂಬರ್ 30ರ ಗಡುವನ್ನು ವಿಧಿಸಿ, ಅನಂತರ ಈ ಒಪ್ಪಂದಕ್ಕೆ ಹೊಂದದ ರೀತಿಯಲ್ಲಿ ಹೊರರಾಜ್ಯದ ಲಾರಿಗಳಿಂದ ಇಂಧನ ಬಳಕೆಯ ವರದಿ ಕೇಳುವಂತಿಲ್ಲ ಎಂದು ಕಟ್ಟುಮಾಡಿತು. ಇಂದು ಇದರಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ 48 ಅಮೆರಿಕನ್ ರಾಜ್ಯಗಳೂ ಕೆನಡಾದ 10 ಪ್ರಾಂತಗಳೂ ಇವೆ. ಅಲಾಸ್ಕ, ಹವಾಯಿ, ರಾಜಧಾನಿ ವಾಷಿಂಗ್ಟನ್ ನಗರದ ಜಿಲ್ಲೆ ಮತ್ತು ಕೆನಡಾದ ಉತ್ತರದ ಮೂರು ಪ್ರದೇಶಗಳು ಹೊರಗುಳಿದಿವೆ.

ಎಲ್ಲ ವಾಹನಗಳಿಗೂ ಇದು ಅನ್ವಯಿಸುವುದಿಲ್ಲ. ಎರಡು ಆಕ್ಸಲ್‌ಗಳ ವಾಹನವಾದರೆ ಅದರ ಒಟ್ಟು ತೂಕ ಅಥವಾ ನೋಂದಾಯಿತ ತೂಕ 26,000 ಪೌಂಡ್, ಅಂದರೆ ಸುಮಾರು 11,800 ಕಿಲೋ ಮೀರಿರಬೇಕು. ಮೂರು ಅಥವಾ ಹೆಚ್ಚಿನ ಆಕ್ಸಲ್‌ಗಳಿದ್ದರೆ ತೂಕದ ಪ್ರಶ್ನೆಯೇ ಇಲ್ಲ. ಟ್ರೇಲರ್ ಜೋಡಿಸಿದ ವಾಹನವಾದರೆ ಜೋಡಿಯ ಒಟ್ಟು ತೂಕವೇ ಗಣನೆಗೆ ಬರುತ್ತದೆ. ಜೊತೆಗೆ ಅದು ಎರಡು ಅಥವಾ ಹೆಚ್ಚು ಸದಸ್ಯ ರಾಜ್ಯಗಳಲ್ಲಿ ಓಡುತ್ತಿರಬೇಕು. ಸ್ವಂತ ವಿಹಾರಕ್ಕೆ ಬಳಸುವ ಮನೆಯಂಥ ದೊಡ್ಡ ವಾಹನಗಳಿಗೆ ವಿನಾಯಿತಿ ಇದೆ. ಲಾರಿಗಳು ಎಲ್ಲಿ ನೋಂದಣಿಯಾಗಿವೆಯೋ, ಅವುಗಳ ಓಡಾಟದ ನಿಯಂತ್ರಣ ಎಲ್ಲಿಂದ ನಡೆಯುತ್ತದೆಯೋ, ದಾಖಲೆಗಳು ಎಲ್ಲಿ ಲಭ್ಯವೋ ಮತ್ತು ಲಾರಿಗಳು ಸ್ವಲ್ಪವಾದರೂ ಎಲ್ಲಿ ಓಡುತ್ತವೆಯೋ ಆ ರಾಜ್ಯವೇ ಮಾಲೀಕನ ತವರು ರಾಜ್ಯ. ಅದು ವರ್ಷಕ್ಕೊಂದು ಲೈಸೆನ್ಸನ್ನೂ, ಪ್ರತಿ ಲಾರಿಗೆ ಎರಡು ಸ್ಟಿಕ್ಕರ್‌ಗಳನ್ನೂ ಕೊಡುತ್ತದೆ. ಸ್ಟಿಕ್ಕರ್‌ಗಳನ್ನು ಕ್ಯಾಬಿನ್ನಿನ ಎರಡೂ ಬದಿಯಲ್ಲಿ ಹೊರಗೆ ಅಂಟಿಸಿ, ಲೈಸೆನ್ಸಿನ ಪ್ರತಿಯನ್ನು ಲಾರಿಯಲ್ಲೇ ಇಟ್ಟುಕೊಂಡಿರಬೇಕು. ಅಪರೂಪಕ್ಕೊಮ್ಮೆ ಗಡಿ ದಾಟುವವರು ಈ ಗೊಡವೆಯೇ ಬೇಡವೆಂದುಕೊಂಡರೆ, ಹೋಗುವ ರಾಜ್ಯದಿಂದ ಕೆಲವು ದಿನಗಳ ತಾತ್ಕಾಲಿಕ ಪರ್ಮಿಟ್ ಕೊಂಡು ಹೋಗಬಹುದು. ವರ್ಷದಲ್ಲಿ ಒಂದೆರಡು ಬಾರಿ ಮಾತ್ರ ಹೊರಗೆ ಹೋಗುವವರಿಗೆ ಅದೇ ಅಗ್ಗವೂ ಹೌದು.

ಇನ್ನು ಮೂರು ತಿಂಗಳಿಗೊಮ್ಮೆ ತವರು ರಾಜ್ಯಕ್ಕೆ ರಿಟರ್ನಿನಲ್ಲಿ ಒಪ್ಪಿಸಬೇಕಾದ ಲೆಕ್ಕ. ಇದರ ಅಡಿಪಾಯ ಒಂದೇ ಒಂದು ಊಹೆ: ಒಂದು ಸಂಸ್ಥೆಯ ಲಾರಿಗಳೆಲ್ಲ ಆ ಮೂರು ತಿಂಗಳಲ್ಲಿ ಎಲ್ಲ ರಾಜ್ಯಗಳಲ್ಲೂ ಒಂದೇ ಸರಾಸರಿ ಮೈಲೇಜ್ ಕೊಟ್ಟಿವೆ. ಪರ್ವತದ ರಸ್ತೆಯಲ್ಲಿ ಹೆಚ್ಚು ಡೀಸೆಲ್ ಕುಡಿಯುತ್ತದೆ, ಬಯಲಿನಲ್ಲಿ ಕಡಿಮೆ ಸಾಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಯಾವ ಗ್ಯಾಲನ್ ಯಾವ ಮೈಲಿಯಲ್ಲಿ ಉರಿಯಿತೆಂದು ಅಳೆಯಲು ಹೊರಟರೆ ವ್ಯವಸ್ಥೆಯೇ ಕುಸಿಯುತ್ತದೆ. ಆದ್ದರಿಂದ ಸರಾಸರಿಯನ್ನೇ ಸತ್ಯವೆಂದು ಎಲ್ಲ ಸದಸ್ಯರೂ ಒಪ್ಪಿಕೊಂಡಿದ್ದಾರೆ. ಓಡಿದ ಒಟ್ಟು ಮೈಲಿಗಳನ್ನು ತುಂಬಿಸಿದ ಒಟ್ಟು ಗ್ಯಾಲನ್‌ಗಳಿಂದ ಭಾಗಿಸಿ, ಬಂದ ಮೈಲೇಜನ್ನು ಎರಡು ದಶಾಂಶ ಸ್ಥಾನಗಳಿಗೆ ನಿಲ್ಲಿಸುತ್ತಾರೆ. ಪ್ರತಿ ರಾಜ್ಯದಲ್ಲಿ ಓಡಿದ ಮೈಲಿಯನ್ನು ಆ ಮೈಲೇಜಿನಿಂದ ಭಾಗಿಸಿದರೆ ಅಲ್ಲಿ ಉರಿಸಿದ ಗ್ಯಾಲನ್ ಸಿಗುತ್ತದೆ. ಅದರಿಂದ ಆ ರಾಜ್ಯದಲ್ಲಿ ತೆರಿಗೆ ಕೊಟ್ಟು ಕೊಂಡ ಗ್ಯಾಲನ್‌ಗಳನ್ನು ಕಳೆದು, ಉಳಿದದ್ದನ್ನು ಆ ರಾಜ್ಯದ ದರದಿಂದ ಗುಣಿಸಬೇಕು. ಉರಿಸಿದ್ದು ಹೆಚ್ಚಾಗಿದ್ದರೆ ಬಾಕಿ, ಕೊಂಡದ್ದು ಹೆಚ್ಚಾಗಿದ್ದರೆ ಜಮೆ.

ಒಂದು ಕಾಲ್ಪನಿಕ ಸಂಸ್ಥೆಯನ್ನು ತೆಗೆದುಕೊಳ್ಳೋಣ. ಅದರ ತವರು ಒಹಾಯೊ. ಎರಡು ಲಾರಿಗಳು ಒಹಾಯೊ ಮತ್ತು ಪಕ್ಕದ ಪೆನ್ಸಿಲ್ವೇನಿಯಾಗಳ ನಡುವೆ ಮಾತ್ರ ಓಡುತ್ತವೆ. ದರಗಳು ಮಾತ್ರ ನಿಜವಾದವು: 2024ರಲ್ಲಿ ಡೀಸೆಲ್ ಗ್ಯಾಲನ್ನಿಗೆ ಒಹಾಯೊದಲ್ಲಿ 47 ಸೆಂಟ್, ಪೆನ್ಸಿಲ್ವೇನಿಯಾದಲ್ಲಿ 74.1 ಸೆಂಟ್. ಮೂರು ತಿಂಗಳಲ್ಲಿ ಎರಡೂ ಲಾರಿಗಳು ಸೇರಿ 52,000 ಮೈಲಿ ಓಡಿ, 8,000 ಗ್ಯಾಲನ್ ತುಂಬಿಸಿವೆ, ಮೈಲೇಜ್ 6.50. ಒಹಾಯೊದಲ್ಲಿ 31,200 ಮೈಲಿ ಓಡಿದ್ದರಿಂದ ಅಲ್ಲಿ ಉರಿಸಿದ್ದು 4,800 ಗ್ಯಾಲನ್. ಪೆನ್ಸಿಲ್ವೇನಿಯಾದ 20,800 ಮೈಲಿಗೆ 3,200 ಗ್ಯಾಲನ್. ಆದರೆ ಚಾಲಕರು ಹೆಚ್ಚಾಗಿ ತವರಿನಲ್ಲೇ ಟ್ಯಾಂಕ್ ತುಂಬಿಸಿದ್ದಾರೆ: ಒಹಾಯೊದಲ್ಲಿ 6,200 ಗ್ಯಾಲನ್, ಪೆನ್ಸಿಲ್ವೇನಿಯಾದಲ್ಲಿ 1,800. ಅಂದಮೇಲೆ ಪೆನ್ಸಿಲ್ವೇನಿಯಾಕ್ಕೆ 1,400 ಗ್ಯಾಲನ್ನಿನ ತೆರಿಗೆ ಬಾಕಿ, ಅಂದರೆ 1,037.40 ಡಾಲರ್. ಒಹಾಯೊದಲ್ಲಿ ಅಷ್ಟೇ ಗ್ಯಾಲನ್‌ಗಳಿಗೆ ಹೆಚ್ಚುವರಿಯಾಗಿ ಕೊಟ್ಟ 658 ಡಾಲರ್ ಜಮೆ. ಸಂಸ್ಥೆ ಒಹಾಯೊಗೆ ಕಟ್ಟಬೇಕಾದದ್ದು ಇವೆರಡರ ಅಂತರವಾದ 379.40 ಡಾಲರ್ ಮಾತ್ರ. ಒಹಾಯೊ ಈ ಹಣಕ್ಕೆ ತಾನು ಬಂಕಿನಲ್ಲಿ ಮೊದಲೇ ಪಡೆದಿದ್ದ 658 ಡಾಲರ್ ಸೇರಿಸಿ ಪೆನ್ಸಿಲ್ವೇನಿಯಾಕ್ಕೆ ತಲುಪಿಸುತ್ತದೆ. ಸಾವಿರಾರು ಸಂಸ್ಥೆಗಳ ಇಂಥ ಲೆಕ್ಕಗಳನ್ನೆಲ್ಲ ಕೂಡಿಸಿ ಕಳೆದು, ರಾಜ್ಯಗಳು ಪರಸ್ಪರ ನಿವ್ವಳ ಮೊತ್ತವನ್ನಷ್ಟೇ ವರ್ಗಾಯಿಸಿಕೊಳ್ಳುವ ಏರ್ಪಾಡನ್ನು ಒಪ್ಪಂದದ ಕೇಂದ್ರ ಸಂಸ್ಥೆ ನೋಡಿಕೊಳ್ಳುತ್ತದೆ.

ಈ ಲೆಕ್ಕದಿಂದ ಹೊರಡುವ ಒಂದು ತೀರ್ಮಾನವನ್ನು ಎಷ್ಟೋ ಅನುಭವಿ ಮಾಲೀಕರೂ ಸರಿಯಾಗಿ ಗ್ರಹಿಸಿರುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳೇ ಅದು. ತೆರಿಗೆ ಓಡಿದ ರಸ್ತೆಯನ್ನು ಅನುಸರಿಸುತ್ತದೆಯೇ ಹೊರತು ಬಂಕನ್ನಲ್ಲ ಎಂದಾದ ಮೇಲೆ, ಬಂಕಿನ ಫಲಕದ ಮೇಲೆ ಬರೆದ ದರ ಇಂಥ ಲಾರಿಗೆ ಡೀಸೆಲ್ಲಿನ ನಿಜವಾದ ಬೆಲೆಯಲ್ಲ. ಆ ದರದಿಂದ ರಾಜ್ಯದ ತೆರಿಗೆಯನ್ನು ಕಳೆದಾಗ ಉಳಿಯುವುದೇ ನಿಜವಾದ ಬೆಲೆ. ಉದಾಹರಣೆಗೆ ಗಡಿಯ ಈಚೆ ಒಹಾಯೊದ ಬಂಕಿನಲ್ಲಿ ಗ್ಯಾಲನ್ನಿಗೆ 3.75 ಡಾಲರ್, ಆಚೆ ಪೆನ್ಸಿಲ್ವೇನಿಯಾದಲ್ಲಿ 3.95 ಡಾಲರ್ ಇದೆ ಎಂದುಕೊಳ್ಳಿ. ಯಾವ ಚಾಲಕನಾದರೂ ಒಹಾಯೊದಲ್ಲೇ ತುಂಬಿಸಿಕೊಳ್ಳೋಣ ಎನ್ನುತ್ತಾನೆ. ತೆರಿಗೆ ಕಳೆದು ನೋಡಿದರೆ ಒಹಾಯೊದ ಡೀಸೆಲ್ 3.28 ಡಾಲರ್, ಪೆನ್ಸಿಲ್ವೇನಿಯಾದ್ದು ಸುಮಾರು 3.21. ಆತ ಒಹಾಯೊದಲ್ಲಿ 200 ಗ್ಯಾಲನ್ ತುಂಬಿಸಿ ಬಂಕಿನಲ್ಲಿ 40 ಡಾಲರ್ ಉಳಿಸುತ್ತಾನೆ ನಿಜ. ಆದರೆ ರಿಟರ್ನ್ ಸಲ್ಲಿಸುವಾಗ ಪೆನ್ಸಿಲ್ವೇನಿಯಾದ 148.20 ಡಾಲರ್ ಜಮೆ ಕೈತಪ್ಪಿ, ಒಹಾಯೊದ 94 ಡಾಲರ್ ಜಮೆ ಮಾತ್ರ ಸಿಗುವುದರಿಂದ, ಸಂಸ್ಥೆ 54.20 ಡಾಲರ್ ಹೆಚ್ಚು ಕಟ್ಟುತ್ತದೆ. ಕೊನೆಗೆ 14.20 ಡಾಲರ್ ನಷ್ಟ. ಒಂದು ಟ್ಯಾಂಕಿಗೆ ಇದು ಸಣ್ಣ ಮೊತ್ತ; ನೂರು ಲಾರಿಗಳಿರುವ ಸಂಸ್ಥೆಗೆ ವರ್ಷವಿಡೀ ಇದೇ ಅಭ್ಯಾಸವಾದರೆ ಸಣ್ಣದಾಗಿ ಉಳಿಯುವುದಿಲ್ಲ. ನಷ್ಟ ಗೊತ್ತಾಗದಿರಲು ಕಾರಣ, ಉಳಿತಾಯ ಬಂಕಿನ ಬಿಲ್ಲಿನಲ್ಲಿ ಕಣ್ಣಿಗೆ ಕಾಣುತ್ತದೆ, ನಷ್ಟ ತಿಂಗಳುಗಳ ನಂತರ ಲೆಕ್ಕದವರ ಮೇಜಿನ ಮೇಲೆ ಇನ್ನೊಂದು ಹೆಸರಿನಲ್ಲಿ ಬರುತ್ತದೆ. ಕಡಿಮೆ ತೆರಿಗೆಯ ರಾಜ್ಯದಲ್ಲಿ ಡೀಸೆಲ್ ಕೊಂಡರೆ ತೆರಿಗೆ ಉಳಿಯುತ್ತದೆ ಎಂಬ ಲೋಕರೂಢಿಯ ಮಾತು ಇಫ್ಟಾ ಲಾರಿಗಳ ಮಟ್ಟಿಗೆ ಸುಳ್ಳು.

ಭಾರತದಲ್ಲಿ ಮಾತ್ರ ಅದೇ ಮಾತು ನಿಜ. 2017ರಲ್ಲಿ ಜಿಎಸ್‌ಟಿ ಬಂದಾಗ ಡೀಸೆಲ್ಲನ್ನು ಅದರ ಹೊರಗೆ ಇಟ್ಟದ್ದರಿಂದ, ಕೇಂದ್ರದ ಅಬಕಾರಿ ಸುಂಕದ ಮೇಲೆ ಪ್ರತಿ ರಾಜ್ಯವೂ ತನ್ನದೇ ಮಾರಾಟ ತೆರಿಗೆ ವಿಧಿಸುತ್ತದೆ. ಕರ್ನಾಟಕ ಅದನ್ನು 2025ರ ಏಪ್ರಿಲ್ 1ರಿಂದ ಶೇಕಡಾ 21.17ಕ್ಕೆ ಏರಿಸಿತು. ಡೀಸೆಲ್ ಮಾರಾಟವಾದ ರಾಜ್ಯಕ್ಕೇ ತೆರಿಗೆ ಸೇರುತ್ತದೆ, ಅದು ಎಲ್ಲಿ ಉರಿಯಿತೆಂದು ಯಾರೂ ಕೇಳುವುದಿಲ್ಲ. ಹುಬ್ಬಳ್ಳಿಯಿಂದ ಪುಣೆಗೆ ಹೋಗುವ ಲಾರಿ ಗಡಿಯ ಯಾವ ಬದಿಯಲ್ಲಿ ಟ್ಯಾಂಕ್ ತುಂಬಿಸಬೇಕೆಂದು ದರಫಲಕವನ್ನು ನೋಡಿಯೇ ನಿರ್ಧರಿಸಬಹುದು, ಮತ್ತು ಆ ನಿರ್ಧಾರ ಸರಿಯಾಗಿಯೇ ಇರುತ್ತದೆ. ದರ ಏರಿದಾಗ ಗಡಿ ಜಿಲ್ಲೆಗಳ ಬಂಕ್ ಮಾಲೀಕರು ಆತಂಕಪಡುವುದೂ ಇದೇ ಕಾರಣಕ್ಕೆ.

ಅಮೆರಿಕದ ದರಗಳ ವೈವಿಧ್ಯ ನಮ್ಮದಕ್ಕಿಂತ ಕಡಿಮೆಯೇನಲ್ಲ. ಟೆಕ್ಸಸ್‌ನಲ್ಲಿ ಡೀಸೆಲ್ ತೆರಿಗೆ 1991ರಿಂದ ಗ್ಯಾಲನ್ನಿಗೆ 20 ಸೆಂಟಿನಲ್ಲೇ ನಿಂತಿದೆ. ಪಕ್ಕದ ಒಕ್ಲಹೋಮಾದಲ್ಲಿ 2018ರ ಏರಿಕೆಯ ನಂತರ 19 ಸೆಂಟ್. ಕೆಲವು ರಾಜ್ಯಗಳು ದರವನ್ನು ಬೆಲೆ ಸೂಚ್ಯಂಕಕ್ಕೋ ಸಗಟು ಬೆಲೆಗೋ ಕಟ್ಟಿಹಾಕಿರುವುದರಿಂದ ಅಲ್ಲಿ ಅದು ವರ್ಷಕ್ಕೊಮ್ಮೆ ಅಥವಾ ಇನ್ನೂ ಬೇಗ ಬದಲಾಗುತ್ತದೆ. ಆದ್ದರಿಂದ ಪ್ರತಿ ತ್ರೈಮಾಸಿಕಕ್ಕೂ ಎಲ್ಲ ರಾಜ್ಯಗಳ, ಎಲ್ಲ ಇಂಧನಗಳ ದರಗಳಿರುವ ಒಂದು ದೊಡ್ಡ ಕೋಷ್ಟಕ ಪ್ರಕಟವಾಗುತ್ತದೆ. ಕೆನಡಾದ ಪ್ರಾಂತಗಳ ದರಗಳನ್ನು ಲೀಟರ್ ಮತ್ತು ಕೆನಡಿಯನ್ ಡಾಲರುಗಳಲ್ಲಿಯೂ, ಆ ತ್ರೈಮಾಸಿಕಕ್ಕೆ ನಿಗದಿಯಾದ ವಿನಿಮಯ ದರದಲ್ಲಿ ಗ್ಯಾಲನ್ ಮತ್ತು ಅಮೆರಿಕನ್ ಡಾಲರುಗಳಿಗೆ ಪರಿವರ್ತಿಸಿಯೂ ಅದರಲ್ಲಿ ಕೊಟ್ಟಿರುತ್ತಾರೆ. ಒಂಟಾರಿಯೊ 2022ರ ಜುಲೈ 1ರಿಂದ ಡೀಸೆಲ್ ತೆರಿಗೆಯನ್ನು ಲೀಟರಿಗೆ 14.3 ಸೆಂಟಿನಿಂದ 9 ಸೆಂಟಿಗೆ ಇಳಿಸಿದಾಗ ತ್ರೈಮಾಸಿಕವೂ ಅದೇ ದಿನ ಆರಂಭವಾದ್ದರಿಂದ ಲೆಕ್ಕದವರಿಗೆ ತೊಂದರೆಯಾಗಲಿಲ್ಲ. ಜಾರ್ಜಿಯಾ ಹಾಗೆ ಮಾಡಲಿಲ್ಲ. ಇಂಧನ ಬೆಲೆ ಏರಿದ್ದ ಆ ವರ್ಷ ಅದು ಮಾರ್ಚ್ ನಡುವಿನಲ್ಲಿ ತೆರಿಗೆಯನ್ನು ತಡೆಹಿಡಿದು, ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ, 2023ರ ಜನವರಿ 10ರವರೆಗೆ ಎಳೆಯಿತು. ಹೀಗೆ ತ್ರೈಮಾಸಿಕದ ನಡುವೆ ದರ ಬದಲಾದಾಗ ಆ ರಾಜ್ಯದ ಮೈಲಿಗಳನ್ನೂ ಗ್ಯಾಲನ್‌ಗಳನ್ನೂ ಬದಲಾವಣೆಗೆ ಮುಂಚಿನವು, ನಂತರದವು ಎಂದು ಬೇರ್ಪಡಿಸಿ ಎರಡು ಸಾಲುಗಳಲ್ಲಿ ತೋರಿಸಬೇಕಾಗುತ್ತದೆ. ದಿನವಾರು ದಾಖಲೆ ಇಲ್ಲದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಕೋಷ್ಟಕದಲ್ಲಿ ಎರಡು ವಿಚಿತ್ರಗಳಿವೆ. ಇಂಧನ ತೆರಿಗೆಯನ್ನು ಮೊದಲು ತಂದ ಆರೆಗಾನ್‌ನ ಡೀಸೆಲ್ ದರ ಅದರಲ್ಲಿ ಸೊನ್ನೆ. ಭಾರದ ಲಾರಿಗಳಿಂದ ಆ ರಾಜ್ಯ ತೂಕ ಮತ್ತು ದೂರಗಳ ಲೆಕ್ಕದಲ್ಲಿ ಬೇರೆಯೇ ತೆರಿಗೆ ವಸೂಲು ಮಾಡುವುದರಿಂದ, ಅವು ಬಂಕಿನಲ್ಲಿ ರಾಜ್ಯದ ಡೀಸೆಲ್ ತೆರಿಗೆ ಕೊಡಬೇಕಿಲ್ಲ. ದರ ಸೊನ್ನೆಯೆಂದು ಆರೆಗಾನ್‌ನಲ್ಲಿ ಓಡಿದ ಮೈಲಿಗಳನ್ನು ಬಿಟ್ಟುಬಿಡುವಂತಿಲ್ಲ, ಬಿಟ್ಟರೆ ಒಟ್ಟು ಮೈಲೇಜೇ ತಪ್ಪಾಗುತ್ತದೆ. ಅಲ್ಲಿ ತೆರಿಗೆಯಿಲ್ಲದೆ ತುಂಬಿಸಿದ ಡೀಸೆಲ್ಲನ್ನು ಪಕ್ಕದ ರಾಜ್ಯದಲ್ಲಿ ಉರಿಸಿದರೆ ಆ ರಾಜ್ಯದ ಪೂರ್ತಿ ತೆರಿಗೆ ರಿಟರ್ನಿನಲ್ಲಿ ಬಂದೇ ಬರುತ್ತದೆ. ಎರಡನೆಯದು ಸರ್‌ಚಾರ್ಜ್. ಕೆಂಟಕಿ, ವರ್ಜೀನಿಯಾಗಳಂಥ ರಾಜ್ಯಗಳು ಸಾಮಾನ್ಯ ದರದ ಮೇಲೆ ಇದನ್ನು ಹೇರುತ್ತವೆ. ಇದು ಬಂಕಿನಲ್ಲಿ ವಸೂಲಾಗುವುದಿಲ್ಲವಾದ್ದರಿಂದ ಇದಕ್ಕೆ ಜಮೆಯೂ ಇಲ್ಲ, ಅಲ್ಲಿ ಉರಿಸಿದ ಎಲ್ಲ ಗ್ಯಾಲನ್‌ಗಳಿಗೂ ಕಟ್ಟಲೇಬೇಕು. ಕೆಂಟಕಿಯಲ್ಲಿ ಉರಿಸಿದಷ್ಟು ಡೀಸೆಲ್ಲನ್ನು ಅಲ್ಲೇ ಕೊಂಡಿದ್ದೇನೆ, ನನ್ನ ಬಾಕಿ ಸೊನ್ನೆ ಎಂದುಕೊಂಡ ಮಾಲೀಕನ ಎಣಿಕೆ ತಪ್ಪುವುದು ಇಲ್ಲೇ.

ಇಫ್ಟಾ ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ಲಾರಿಯ ತೆರಿಗೆಗಳೆಲ್ಲ ಮುಗಿದವು ಎಂದೂ ಭಾವಿಸಬಾರದು. ಗ್ಯಾಲನ್ನಿಗೆ 24.4 ಸೆಂಟಿನ ಕೇಂದ್ರ ಸರ್ಕಾರದ ಡೀಸೆಲ್ ತೆರಿಗೆ ಬಂಕಿನಲ್ಲೇ ತೀರಿರುತ್ತದೆ, ಇಫ್ಟಾ ಅದನ್ನು ಮುಟ್ಟುವುದಿಲ್ಲ. 55,000 ಪೌಂಡಿನಿಂದ ಮೇಲ್ಪಟ್ಟ ಲಾರಿಗಳಿಗೆ ಕೇಂದ್ರದ ವಾರ್ಷಿಕ ಭಾರೀ ವಾಹನ ತೆರಿಗೆ ಬೇರೆ ಇದೆ, ಅದರ ಗರಿಷ್ಠ ಮಿತಿ 550 ಡಾಲರ್. ಆರೆಗಾನ್‌ನಂತೆ ನ್ಯೂಯಾರ್ಕ್, ನ್ಯೂ ಮೆಕ್ಸಿಕೊ, ಕೆಂಟಕಿ ಮತ್ತು 2023ರಿಂದ ಕನೆಕ್ಟಿಕಟ್ ರಾಜ್ಯಗಳೂ ಓಡಿದ ಮೈಲಿಗಳ ಮೇಲೆ ಪ್ರತ್ಯೇಕ ತೆರಿಗೆಗಳನ್ನು ಇಟ್ಟುಕೊಂಡಿವೆ. ಇವುಗಳ ಫಾರಂಗಳು ಬೇರೆಯಾದರೂ ಆಧಾರ ಒಂದೇ, ಯಾವ ಲಾರಿ ಯಾವ ರಾಜ್ಯದಲ್ಲಿ ಎಷ್ಟು ಓಡಿತು ಎಂಬ ದಾಖಲೆ.

ಆ ದಾಖಲೆಯ ವಿಷಯದಲ್ಲಿಯೇ ಕಷ್ಟವಿರುವುದು. ಗುಣಾಕಾರ ಭಾಗಾಕಾರಗಳನ್ನು ಯಾವ ಸಾಫ್ಟ್‌ವೇರಾದರೂ ಮಾಡುತ್ತದೆ. ಪ್ರತಿ ಪ್ರಯಾಣಕ್ಕೂ ಹೊರಟ ಮತ್ತು ಮುಗಿದ ದಿನಾಂಕ, ಹೊರಟ ಮತ್ತು ತಲುಪಿದ ಸ್ಥಳ, ಹಿಡಿದ ಮಾರ್ಗ, ಆರಂಭದ ಮತ್ತು ಕೊನೆಯ ಓಡೋಮೀಟರ್ ಅಂಕಿ, ಒಟ್ಟು ದೂರ, ರಾಜ್ಯವಾರು ದೂರ, ಲಾರಿಯ ಗುರುತು ಇಷ್ಟೂ ಇರಬೇಕು. ಸರಕಿಲ್ಲದೆ ಖಾಲಿ ಓಡಿದ ಮೈಲಿ, ಚಾಲಕ ಊಟಕ್ಕೆಂದು ದಾರಿ ಬಿಟ್ಟು ಹೋದ ಮೈಲಿ, ರಿಪೇರಿಗೆ ಒಯ್ದ ಮೈಲಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ತಾತ್ಕಾಲಿಕ ಪರ್ಮಿಟ್ ಮೇಲೆ ಓಡಿದ ದೂರಕ್ಕೆ ತೆರಿಗೆ ಇಲ್ಲದಿದ್ದರೂ ಒಟ್ಟು ದೂರದಲ್ಲಿ ಅದನ್ನು ತೋರಿಸಲೇಬೇಕು. ಹಿಂದೆ ಚಾಲಕರು ಗಡಿಯ ಫಲಕ ಕಂಡಾಗ ಓಡೋಮೀಟರ್ ನೋಡಿ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ಈಗ ಆ ಕೆಲಸವನ್ನು ಹೆಚ್ಚಾಗಿ ಜಿಪಿಎಸ್ ಮಾಡುತ್ತದೆ.

ಜಿಪಿಎಸ್ ಇದ್ದರೆ ಸಾಕು ಎಂಬ ನಂಬಿಕೆಯಲ್ಲೂ ಒಂದು ಹಳ್ಳವಿದೆ. ಚಾಲಕರ ಕೆಲಸದ ಗಂಟೆಗಳನ್ನು ದಾಖಲಿಸುವ ಎಲೆಕ್ಟ್ರಾನಿಕ್ ಲಾಗಿಂಗ್ ಸಾಧನ ಅಮೆರಿಕದಲ್ಲಿ 2017ರ ಡಿಸೆಂಬರಿನಿಂದ ಕಡ್ಡಾಯವಾಗಿದೆ, ಆದ್ದರಿಂದ ಬಹುತೇಕ ದೂರಪ್ರಯಾಣದ ಲಾರಿಗಳಲ್ಲಿ ಅದು ಇದ್ದೇ ಇದೆ. ಆದರೆ ಆ ನಿಯಮದ ಪ್ರಕಾರ ಸಾಧನ ಓಡುತ್ತಿರುವ ಲಾರಿಯ ಸ್ಥಳವನ್ನು ಗಂಟೆಗೊಮ್ಮೆ ಗುರುತಿಸಿದರೆ ಸಾಕು, ಚಾಲಕ ಸ್ವಂತ ಕೆಲಸಕ್ಕೆ ಓಡಿಸುವಾಗ ಆ ಸ್ಥಳದ ನಿಖರತೆಯೂ ಹತ್ತು ಮೈಲಿಯಷ್ಟು ಮಸುಕಾಗಿರುತ್ತದೆ. ಒಂದು ಗಂಟೆಯಲ್ಲಿ ಲಾರಿ ಅರವತ್ತು ಮೈಲಿ ಓಡುತ್ತದೆ. ಈಶಾನ್ಯದ ಸಣ್ಣ ರಾಜ್ಯಗಳಲ್ಲಿ ಅಷ್ಟರಲ್ಲಿ ಒಂದು ರಾಜ್ಯ ಬಂದು ಹೋಗಿರಬಹುದು, ದಾಖಲೆಯಲ್ಲಿ ಅದರ ಹೆಸರೂ ಇರುವುದಿಲ್ಲ. ಕೆಲಸದ ಗಂಟೆಗಳ ಕಾನೂನಿಗೆ ತೃಪ್ತಿಕರವಾದ ದಾಖಲೆ ಇಂಧನ ತೆರಿಗೆಗೆ ತೃಪ್ತಿಕರವಾಗಬೇಕಿಲ್ಲ. ಓಡಿದ ಮಾರ್ಗವನ್ನು ಮತ್ತೆ ಕಟ್ಟಿ ನೋಡಲು ಸಾಲುವಷ್ಟು ಹತ್ತಿರ ಹತ್ತಿರದ ಗುರುತುಗಳೂ, ಅವುಗಳ ಜೊತೆಗೆ ಓಡೋಮೀಟರ್ ಅಂಕಿಗಳೂ ಬೇಕು. ತಿಂಗಳ ಕೊನೆಯ ಸಾರಾಂಶವನ್ನಷ್ಟೇ ಇಟ್ಟುಕೊಂಡು ಮೂಲ ದತ್ತಾಂಶವನ್ನು ಅಳಿಸಿಬಿಡುವ ಸೇವೆಗಳನ್ನು ಕೊಂಡವರು, ಸೇವಾ ಕಂಪನಿಯನ್ನು ಬದಲಿಸಿದ ದಿನ ಹಳೆಯ ವರ್ಷಗಳ ದಾಖಲೆಯನ್ನೇ ಕಳೆದುಕೊಂಡಿರುತ್ತಾರೆ.

ಇಂಧನದ ಕಡೆ ಬೇಕಾದದ್ದು ರಸೀದಿ. ದಿನಾಂಕ, ಮಾರಿದವರ ಹೆಸರು ಮತ್ತು ವಿಳಾಸ, ಗ್ಯಾಲನ್, ಇಂಧನದ ಬಗೆ, ದರ ಅಥವಾ ಒಟ್ಟು ಮೊತ್ತ, ಲಾರಿಯ ಸಂಖ್ಯೆ, ಕೊಂಡವರ ಹೆಸರು ಅದರಲ್ಲಿರಬೇಕು. ಫ್ಯೂಯಲ್ ಕಾರ್ಡಿನ ವಿವರಗಳಲ್ಲಿ ಇವೆಲ್ಲ ಇದ್ದರೆ ಅದೂ ನಡೆಯುತ್ತದೆ. ಸ್ವಂತ ಡಿಪೋದಲ್ಲಿ ಟ್ಯಾಂಕ್ ಹೂಳಿಸಿ ಸಗಟಾಗಿ ಡೀಸೆಲ್ ತರಿಸುವವರು ಯಾವ ಲಾರಿಗೆ ಯಾವತ್ತು ಎಷ್ಟು ಕೊಟ್ಟೆವೆಂದು ಬರೆದಿಟ್ಟಿರಬೇಕು, ಮತ್ತು ತರಿಸಿದ ಡೀಸೆಲ್ಲಿಗೆ ಆ ರಾಜ್ಯದ ತೆರಿಗೆ ಕೊಟ್ಟದ್ದಕ್ಕೆ ಬಿಲ್ ಇರಬೇಕು. ಜಮೆ ಸಿಗುವುದು ಟ್ಯಾಂಕ್ ಇರುವ ರಾಜ್ಯದಲ್ಲಿ, ಲಾರಿಗೆ ತುಂಬಿಸಿದಾಗ. ಹಣ್ಣು, ಮಾಂಸ, ಔಷಧ ಸಾಗಿಸುವ ಶೀತಲ ಟ್ರೇಲರಿನ ಯಂತ್ರಕ್ಕೆ ತನ್ನದೇ ಟ್ಯಾಂಕ್ ಇರುತ್ತದೆ, ಅದಕ್ಕೆ ಹಾಕಿದ ಡೀಸೆಲ್ ಈ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ರಸೀದಿಯಲ್ಲಿ ಎರಡನ್ನೂ ಸೇರಿಸಿ ಬರೆಸಿದರೆ ಸಲ್ಲದ ಜಮೆಯನ್ನು ಕೇಳಿದಂತಾಗುತ್ತದೆ, ಮೈಲೇಜೂ ಕೆಡುತ್ತದೆ. ಆ ಯಂತ್ರಕ್ಕೆ ತೆರಿಗೆಯಿಲ್ಲದ, ಕೆಂಪು ಬಣ್ಣ ಬೆರೆಸಿದ ಡೀಸೆಲ್ಲನ್ನು ಬಳಸಬಹುದು. ಅದೇ ಕೆಂಪು ಡೀಸೆಲ್ ಲಾರಿಯ ಎಂಜಿನ್ನಿನ ಟ್ಯಾಂಕಿನಲ್ಲಿ ಸಿಕ್ಕರೆ ಕೇಂದ್ರದ ದಂಡವೇ ಸಾವಿರ ಡಾಲರ್ ಅಥವಾ ಗ್ಯಾಲನ್ನಿಗೆ ಹತ್ತು ಡಾಲರ್, ಯಾವುದು ಹೆಚ್ಚೋ ಅದು.

ದಾಖಲೆ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆ ಒಹಾಯೊ ಸಂಸ್ಥೆಯ ಅಂಕಿಗಳಿಂದಲೇ ನೋಡಬಹುದು. ಪೆನ್ಸಿಲ್ವೇನಿಯಾದ ರಸೀದಿಗಳಷ್ಟೇ ಕಳೆದಿದ್ದರೆ ಅಲ್ಲಿನ 1,800 ಗ್ಯಾಲನ್ನಿನ ಜಮೆ ಹೋಗುತ್ತದೆ, 379.40 ಡಾಲರಿನ ಬಾಕಿ 1,713.20ಕ್ಕೆ ಏರುತ್ತದೆ, ಬಂಕಿನಲ್ಲಿ ಒಮ್ಮೆ ಕೊಟ್ಟ ತೆರಿಗೆಯನ್ನೇ ಎರಡನೆಯ ಬಾರಿ ಕೊಟ್ಟಂತೆ. ಮೈಲಿ ಮತ್ತು ಇಂಧನಗಳ ದಾಖಲೆಯೇ ನಂಬಲರ್ಹವಲ್ಲವೆಂದು ಆಡಿಟರ್ ತೀರ್ಮಾನಿಸಿದರೆ, ಒಪ್ಪಂದದ ಪ್ರಕಾರ ಮೈಲೇಜನ್ನು ಶೇಕಡಾ 20ರಷ್ಟು ಇಳಿಸಬಹುದು ಅಥವಾ ನೇರವಾಗಿ 4.00 ಎಂದು ಗೊತ್ತುಮಾಡಬಹುದು. ಮೊದಲನೆಯದಾದರೆ ಮೈಲೇಜ್ 5.20, ಬಾಕಿ 1,536.20 ಡಾಲರ್. ಎರಡನೆಯದಾದರೆ ಲಾರಿಗಳು 13,000 ಗ್ಯಾಲನ್ ಉರಿಸಿದವೆಂದು ಎಣಿಸಿ, ಕೊಂಡ 8,000 ಗ್ಯಾಲನ್‌ಗೆ ಮಾತ್ರ ಜಮೆ ಕೊಟ್ಟು, ಬಾಕಿಯನ್ನು 3,271.40 ಡಾಲರ್ ಎಂದು ತೋರಿಸುತ್ತಾರೆ. ಇದು ಒಂದು ತ್ರೈಮಾಸಿಕದ ಎರಡೇ ಲಾರಿಗಳ ಮಾತು. ಆಡಿಟ್ ಸಾಮಾನ್ಯವಾಗಿ ಹಲವು ತ್ರೈಮಾಸಿಕಗಳನ್ನು ಒಟ್ಟಿಗೆ ನೋಡುತ್ತದೆ. ಪ್ರತಿ ಸದಸ್ಯ ರಾಜ್ಯವೂ ತನ್ನ ಖಾತೆಗಳಲ್ಲಿ ವರ್ಷಕ್ಕೆ ಸರಾಸರಿ ಶೇಕಡಾ 3ರಷ್ಟನ್ನು ಎಲ್ಲ ಸದಸ್ಯರ ಪರವಾಗಿ ಆಡಿಟ್ ಮಾಡಬೇಕು, ಮಾಲೀಕರು ದಾಖಲೆಗಳನ್ನು ನಾಲ್ಕು ವರ್ಷ ಇಟ್ಟುಕೊಳ್ಳಬೇಕು. ಆಡಿಟ್ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಲಿಖಿತವಾಗಿ ವಿಚಾರಣೆ ಕೇಳುವ ಹಕ್ಕಿದೆ.

ಗಡುವುಗಳು ಸರಳ: ಜನವರಿಯಿಂದ ಮಾರ್ಚ್‌ವರೆಗಿನ ಲೆಕ್ಕಕ್ಕೆ ಏಪ್ರಿಲ್ 30, ಮುಂದಿನವಕ್ಕೆ ಕ್ರಮವಾಗಿ ಜುಲೈ 31, ಅಕ್ಟೋಬರ್ 31, ಜನವರಿ 31. ಲಾರಿ ಮೂರು ತಿಂಗಳು ಶೆಡ್ಡಿನಿಂದ ಕದಲದಿದ್ದರೂ ಸೊನ್ನೆ ರಿಟರ್ನ್ ಸಲ್ಲಿಸಬೇಕು. ತಡವಾದರೆ 50 ಡಾಲರ್ ಅಥವಾ ನಿವ್ವಳ ಬಾಕಿಯ ಶೇಕಡಾ 10, ಇವುಗಳಲ್ಲಿ ಹೆಚ್ಚಿನದು ದಂಡ. ಬಡ್ಡಿಯ ನಿಯಮ ಸ್ವಲ್ಪ ಕಠಿಣವಾಗಿದೆ, ಅದನ್ನು ಪ್ರತಿ ರಾಜ್ಯದ ಬಾಕಿಯ ಮೇಲೂ ಬೇರೆಬೇರೆಯಾಗಿ ಲೆಕ್ಕ ಹಾಕುತ್ತಾರೆ. ನಮ್ಮ ಉದಾಹರಣೆಯ ಸಂಸ್ಥೆ ತಡಮಾಡಿದರೆ 379.40 ಡಾಲರಿನ ಮೇಲಲ್ಲದೆ ಪೆನ್ಸಿಲ್ವೇನಿಯಾದ ಪೂರ್ತಿ 1,037.40ರ ಮೇಲೆ ಬಡ್ಡಿ ಕೊಡಬೇಕು. ಒಟ್ಟು ಲೆಕ್ಕದಲ್ಲಿ ಹಣ ವಾಪಸು ಬರಬೇಕಾದವರೂ, ಯಾವುದಾದರೂ ಒಂದು ರಾಜ್ಯದಲ್ಲಿ ಬಾಕಿ ಇದ್ದರೆ ಬಡ್ಡಿ ಕಟ್ಟಬೇಕಾಗುತ್ತದೆ. ರಿಟರ್ನ್ ಸಲ್ಲಿಸದೆ ಮುಂದುವರಿದವರ ಲೈಸೆನ್ಸ್ ರದ್ದಾಗುತ್ತದೆ. ಆ ಸುದ್ದಿ ಎಲ್ಲ ಸದಸ್ಯ ರಾಜ್ಯಗಳಿಗೂ ತಲುಪುವುದರಿಂದ ಮುಂದಿನ ತೂಕದ ಕಟ್ಟೆಯಲ್ಲಿಯೇ ಲಾರಿ ನಿಲ್ಲಬೇಕಾಗಬಹುದು.

ತನ್ನದೇ ಲಾರಿಯನ್ನು ದೊಡ್ಡ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಟ್ಟು ತಾನೇ ಓಡಿಸುವ ಚಾಲಕ-ಮಾಲೀಕರು ಅಲ್ಲಿ ಬಹಳ. ಗುತ್ತಿಗೆ 30 ದಿನ ಅಥವಾ ಹೆಚ್ಚಾಗಿದ್ದರೆ ಇಬ್ಬರಲ್ಲಿ ಯಾರು ರಿಟರ್ನ್ ಸಲ್ಲಿಸಬೇಕೆಂದು ಕರಾರಿನಲ್ಲಿ ಬರೆದುಕೊಳ್ಳಬಹುದು. ಸಂಸ್ಥೆಯೇ ಸಲ್ಲಿಸುವುದಾದರೆ, ಒಬ್ಬ ಚಾಲಕನ ಉತ್ತಮ ಮೈಲೇಜ್ ಸಂಸ್ಥೆಯ ಸರಾಸರಿಯಲ್ಲಿ ಕರಗಿಹೋಗಿ, ಆತನ ಖಾತೆಯಿಂದ ಕಡಿತಗೊಳ್ಳುವ ಇಂಧನ ತೆರಿಗೆ ಆತನ ಲಾರಿ ನಿಜವಾಗಿ ಉರಿಸಿದ್ದಕ್ಕಿಂತ ಹೆಚ್ಚಾಗುವ ಸಾಧ್ಯತೆ ಇದೆ. ಕಡಿತವನ್ನು ಯಾವ ಸೂತ್ರದಿಂದ ಮಾಡುತ್ತಾರೆ, ಜಮೆ ಬಂದಾಗ ಅದು ಯಾರಿಗೆ ಸೇರುತ್ತದೆ ಎಂಬುದನ್ನು ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳುವುದು ಕ್ಷೇಮ.

ಕೋಷ್ಟಕದಲ್ಲಿ ಈಗ ವಿದ್ಯುತ್ತಿಗೂ ಜಲಜನಕಕ್ಕೂ ಕಾಲಂಗಳಿವೆ. ದೂರವನ್ನು ಎಣಿಸುವ ಅರ್ಧ ಲೆಕ್ಕ ವಿದ್ಯುತ್ ಲಾರಿಗೂ ಹೊಂದುತ್ತದೆ, ತೊಡಕಿರುವುದು ಇನ್ನರ್ಧದಲ್ಲಿ. ಡಿಪೋದ ಸಾಮಾನ್ಯ ಮೀಟರಿನಿಂದ ಚಾರ್ಜ್ ಮಾಡಿದ ಲಾರಿಗೆ ರಸೀದಿ ಯಾವುದು, ಆ ವಿದ್ಯುತ್ತಿನ ಮೇಲೆ ರಸ್ತೆ ತೆರಿಗೆಯನ್ನು ಕೊಟ್ಟದ್ದೆಲ್ಲಿ, ಕೊಡದಿದ್ದರೆ ಜಮೆ ಕೇಳುವುದು ಹೇಗೆ ಎಂಬ ಪ್ರಶ್ನೆಗಳಿಗೆ ಡೀಸೆಲ್ಲಿಗೆಂದು ಕಟ್ಟಿದ ನಿಯಮಗಳು ಸಲೀಸಾಗಿ ಉತ್ತರಿಸುವುದಿಲ್ಲ. ಮೈಲಿಗಳ ಮೇಲೆಯೇ ತೆರಿಗೆ ಹಾಕುವ ಆರೆಗಾನ್‌ನ ಪದ್ಧತಿಯತ್ತ ಕೆಲವು ರಾಜ್ಯಗಳು ನೋಡುತ್ತಿರುವುದರ ಹಿಂದೆ ಈ ತೊಡಕೂ ಇದೆ.

ಅಂತರರಾಜ್ಯ ಓಡಾಟವನ್ನು ನಿಲ್ಲಿಸುವವರು ಸ್ಟಿಕ್ಕರ್ ಕಿತ್ತೆಸೆದು ಸುಮ್ಮನಾಗುವಂತಿಲ್ಲ. ಕೊನೆಯ ತ್ರೈಮಾಸಿಕದ ರಿಟರ್ನನ್ನು ಅದು ಕೊನೆಯದೆಂದು ಗುರುತಿಸಿ ಸಲ್ಲಿಸಿ, ಖಾತೆ ಮುಚ್ಚುವಂತೆ ತವರು ರಾಜ್ಯವನ್ನು ಕೋರಬೇಕು. ಇಲ್ಲವಾದರೆ ಓಡದ ಲಾರಿಯ ಹೆಸರಿನಲ್ಲೂ ರಿಟರ್ನ್ ಬಂದಿಲ್ಲವೆಂಬ ನೋಟಿಸುಗಳೂ ದಂಡಗಳೂ ಬರುತ್ತಲೇ ಇರುತ್ತವೆ. ಖಾತೆ ಮುಚ್ಚಿದ ಮೇಲೂ ಮೈಲಿಗಳ ದಾಖಲೆಯನ್ನೂ ಡೀಸೆಲ್ ರಸೀದಿಗಳನ್ನೂ ಆ ಕೊನೆಯ ರಿಟರ್ನಿನಿಂದ ಎಣಿಸಿ ನಾಲ್ಕು ವರ್ಷ ಕಾಪಾಡಿಕೊಂಡಿರಬೇಕು, ಏಕೆಂದರೆ ಆಡಿಟ್ ಮಾಡುವ ಅಧಿಕಾರ ರಾಜ್ಯಕ್ಕೆ ಅಲ್ಲಿಯವರೆಗೂ ಉಳಿದಿರುತ್ತದೆ.